ಹಳೆ ಮನೆಯ ವೈರಿಂಗ್: ಅರ್ಥಿಂಗ್ ಸೇರಿಸಿದರೆ ಸಾಕೇ, ಪೂರ್ತಿ ಬದಲಿಸಬೇಕೇ?

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಮಾರ್ಚ್–ಏಪ್ರಿಲ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ರಿಪೇರಿಯ ಮಾತು ಶುರುವಾಗುತ್ತದೆ. ಒಡೆದ ಹೆಂಚು ತೆಗೆಸಬೇಕು, ಗೋಡೆಗೆ ಬಣ್ಣ ಹೊಡೆಸಬೇಕು, ಮಳೆಗೆ ಮುಂಚೆ ಚರಂಡಿ ಬಿಡಿಸಬೇಕು. ಈ ಪಟ್ಟಿಯ ಕೊನೆಯಲ್ಲಿ ವೈರಿಂಗ್ ಇರುತ್ತದೆ, ಅದು ಮುಂದಿನ ವರ್ಷಕ್ಕೆ ಹೋಗುವುದೂ ಅಷ್ಟೇ ಖಚಿತ. ವೈರಿಂಗ್ ಗುತ್ತಿಗೆಯ ಕೆಲಸದಲ್ಲಿರುವ ನನ್ನನ್ನು ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಹೊಸ ನಿಯಮ ಬಂದಿದೆಯಂತಲ್ಲ, ಎಲ್ಲ ಕಡೆ ಅರ್ಥ್ ಇರಲೇಬೇಕಂತೆ. ನಮ್ಮದು ಅಪ್ಪನ ಕಾಲದ ವೈರಿಂಗ್. ಎಲ್ಲವನ್ನೂ ಕಿತ್ತು ಹಾಕಬೇಕೇ?”

ಅರ್ಥ್ ಎಂದರೆ ಉಪಕರಣದ ಲೋಹದ ಮೈಯನ್ನು ತಂತಿಯ ಮೂಲಕ ಭೂಮಿಗೆ ಜೋಡಿಸುವುದು. ಬಹುಪಾಲು ಮನೆಗಳಿಗೆ ನನ್ನ ಉತ್ತರ ‘ಬೇಡ’ ಎಂದೇ. ಆದರೆ ಏನೂ ಮಾಡದೆ ಬಿಡುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಇವೆರಡೂ ಸೇರಿ ಒಟ್ಟು ನಾಲ್ಕು ದಾರಿಗಳಿವೆ. ಯಾವ ಮನೆಗೆ ಯಾವ ದಾರಿ ಎನ್ನುವುದನ್ನು ವೈರಿನ ವಯಸ್ಸು, ನಿಮ್ಮ ಜಾಗದ ಮಣ್ಣು ಮತ್ತು ಮನೆಯಲ್ಲಿ ಈಗ ಏನೇನು ಓಡುತ್ತಿದೆ ಎನ್ನುವುದು ಸೇರಿ ತೀರ್ಮಾನಿಸುತ್ತವೆ.

ಕಾನೂನು ಎಲ್ಲಿ ಬಂದು ನಿಲ್ಲುತ್ತದೆ

ನಮ್ಮಲ್ಲಿ ಕಡ್ಡಾಯದ ಬಲವಿರುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಜಾಗಕ್ಕೆ 2010ರಲ್ಲಿ ಹೊಸ ನಿಯಮಗಳು ಬಂದವು, ಅವುಗಳ ಜಾಗಕ್ಕೆ 2023ರಲ್ಲಿ ಈಗಿನವು ಬಂದಿವೆ. ಕೆಲಸ ಹೇಗಿರಬೇಕು ಎಂದು ವಿವರವಾಗಿ ಹೇಳುವುದು ಭಾರತೀಯ ಮಾನಕ ಬ್ಯೂರೋದ ಸಂಹಿತೆಗಳು. ಮನೆ ವೈರಿಂಗ್‌ಗೆ ಐಎಸ್ 732 ಇದೆ, ಅದು 1989ರ ನಂತರ 2019ರಲ್ಲಿ ಪರಿಷ್ಕರಣೆಯಾಗಿದೆ. ಅರ್ಥಿಂಗ್‌ಗೆ ಐಎಸ್ 3043 ಇದೆ, ಅದು 1987ರ ನಂತರ 2018ರಲ್ಲಿ ಪರಿಷ್ಕರಣೆಯಾಗಿದೆ.

ಸಂಹಿತೆ ಬದಲಾಯಿತೆಂದು ಯಾರೂ ನಿಮ್ಮ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಮೆಟ್ಟಿಲು ಹತ್ತಿ ನೋಟಿಸು ಕೊಡುವುದಿಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಹಳೆಯ ವೈರಿಂಗ್ ಪರೀಕ್ಷೆಗೆ ಒಳಗಾಗಲೇಬೇಕು. ಹೊಸ ಸಂಪರ್ಕ ಕೇಳಿದಾಗ, ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿದಾಗ, ಮತ್ತು ಸಂಪರ್ಕ ಕಡಿತಗೊಂಡು ಆರು ತಿಂಗಳು ಕಳೆದ ಮೇಲೆ ಮತ್ತೆ ಜೋಡಿಸುವ ಮೊದಲು. ಈ ಕೊನೆಯದು ಕೊಡಗಿಗೆ ಹೇಳಿ ಮಾಡಿಸಿದಂತಿದೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಗೆ ಬೀಗ, ಬಿಲ್ಲು ಕಟ್ಟದೆ ಫ್ಯೂಸ್ ಕಿತ್ತು ಹೋಗಿ ವರ್ಷವಾಗಿರುತ್ತದೆ. ಆಮೇಲೆ ಹುತ್ತರಿ ಹಬ್ಬಕ್ಕೆ ಬಂದು ನಿಂತು “ಇವತ್ತೇ ಕರೆಂಟ್ ಬೇಕು” ಎಂದರೆ ಆಗುವುದಿಲ್ಲ. ಪರೀಕ್ಷೆಯೆಂದರೆ 500 ವೋಲ್ಟ್‌ನ ಮೆಗ್ಗರ್ ಎಂಬ ಅಳತೆಯ ಉಪಕರಣ ಹಚ್ಚಿ ತಂತಿಗೂ ಭೂಮಿಗೂ ನಡುವಿನ ಇನ್ಸುಲೇಷನ್ (ಕರೆಂಟ್ ಸೋರದಂತೆ ತಡೆಯುವ ಶಕ್ತಿ) ನೋಡುವುದು. ಕನಿಷ್ಠ ಒಂದು ಮೆಗಾಓಮ್ ಬರಬೇಕು. ಬೀಗ ಹಾಕಿ ಬಿಟ್ಟ ಮನೆಯಲ್ಲಿ, ಅದರಲ್ಲೂ ಎರಡು ಮಳೆಗಾಲ ಕಂಡ ಮನೆಯಲ್ಲಿ, ಅದು ಸುಲಭವಾಗಿ ಬರುವುದಿಲ್ಲ.

ಇನ್ನೊಂದು ಕಡ್ಡಾಯವಿದೆ. 2 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿನ ಮನೆ ಸಂಪರ್ಕಕ್ಕೆ ಸೋರಿಕೆ ಕಂಡ ತಕ್ಷಣ ಕರೆಂಟ್ ಕಡಿಯುವ ಉಪಕರಣ ಇರಬೇಕು, ಅದು 30 ಮಿಲಿಆಂಪಿಯರ್ ಮೀರದಂತೆ ಕೆಲಸ ಮಾಡಬೇಕು. ಹಿಂದೆ ಈ ಮಿತಿ 5 ಕಿಲೋವಾಟ್ ಇತ್ತು. ಅಂಗಡಿಯಲ್ಲಿ ಇದನ್ನು ಆರ್‌ಸಿಸಿಬಿ ಎನ್ನುತ್ತಾರೆ, ಹಳಬರು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಗೀಸರ್, ಫ್ರಿಜ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಇರುವ ಯಾವ ಮನೆಯೂ ಇಂದು 2 ಕಿಲೋವಾಟ್‌ನ ಒಳಗಿಲ್ಲ, ಮೀಟರ್ ಪುಸ್ತಕದಲ್ಲಿ ಏನೇ ಬರೆದಿರಲಿ.

“ನಮ್ಮ ಮನೆ ಹಳೆ ನಿಯಮದ ಕಾಲದ್ದು, ಆಗ ಅರ್ಥಿಂಗ್ ಬೇಕಿರಲಿಲ್ಲ” ಎನ್ನುವವರಿಗೆ ಒಂದು ಮಾತು. ಗ್ರಾಹಕರ ಆವರಣದಲ್ಲಿ ಅರ್ಥ್ ಟರ್ಮಿನಲ್ ಇರಬೇಕೆಂದು 1956ರ ನಿಯಮದಲ್ಲೇ ಇತ್ತು. ಮನೆ ಕಟ್ಟಿದಾಗಿನ ನಿಯಮವನ್ನೂ ಪಾಲಿಸದ ವೈರಿಂಗ್‌ಗೆ ಹಳೆಯದೆಂಬ ರಿಯಾಯಿತಿ ಎಲ್ಲಿಂದ ಬರಬೇಕು?

ಅಮೆರಿಕದಲ್ಲಿರುವ ಮಕ್ಕಳು ವಿಡಿಯೋ ಕಳಿಸಿ ಗೊಂದಲ ಹೆಚ್ಚಿಸುವುದೂ ಉಂಟು. ಅಲ್ಲಿನ ಸಂಹಿತೆಯ ಪ್ರಕಾರ ಹಾಕಿದ ಕಾಲಕ್ಕೆ ಸರಿಯಿದ್ದ ಎರಡು ತಂತಿಯ ವೈರಿಂಗ್ ಹಾಗೇ ಉಳಿಯಬಹುದು. ಸಾಕೆಟ್ ಬದಲಿಸುವಾಗ ಸೋರಿಕೆ ಕಡಿಯುವ ಸಾಕೆಟ್ ಹಾಕಿ ‘ಇದರಲ್ಲಿ ಅರ್ಥ್ ಇಲ್ಲ’ ಎಂಬ ಚೀಟಿ ಅಂಟಿಸಿದರೂ ನಡೆಯುತ್ತದೆ. ಅದು 120 ವೋಲ್ಟ್‌ನ ದೇಶ. ನಮ್ಮದು 230. ಅಲ್ಲಿನ ವಿನಾಯಿತಿಯನ್ನು ಇಲ್ಲಿನ ಬಚ್ಚಲುಮನೆಗೆ ತರಬೇಡಿ.

ಅರ್ಥ್ ಗುಂಡಿಯೊಂದೇ ಏಕೆ ಸಾಲದು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಜನ ಹಣ ಕಳೆದುಕೊಳ್ಳುವುದು ಇಲ್ಲೇ. ಅಂಗಳದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಪೈಪ್ ಇಳಿಸಿದರೆ ಶಾಕ್‌ನಿಂದ ಪಾರಾದೆವು ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ವಾಷಿಂಗ್ ಮೆಷಿನ್‌ನ ಒಳಗೆ ಫೇಸ್ ತಂತಿ (ಕರೆಂಟ್ ತರುವ ತಂತಿ) ಅದರ ಲೋಹದ ಮೈಗೆ, ಅಂದರೆ ಬಾಡಿಯ ಮೇಲೆ, ತಾಗಿತು ಎಂದುಕೊಳ್ಳೋಣ. ಕರೆಂಟ್ ಅರ್ಥ್ ವೈರಿನಲ್ಲಿ ಹರಿದು, ಗುಂಡಿಯ ಮೂಲಕ ಮಣ್ಣಿಗಿಳಿದು, ಟ್ರಾನ್ಸ್‌ಫಾರ್ಮರ್‌ಗೆ ಹಿಂತಿರುಗಬೇಕು. ಆ ಮಣ್ಣಿನ ದಾರಿಯ ರೋಧ 20 ಓಮ್ ಇದ್ದರೆ 230 ವೋಲ್ಟ್‌ಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂಸಿಬಿಗೆ (ಲೋಡ್ ಮೀರಿದರೆ ತಾನೇ ಬೀಳುವ, ಅಂದರೆ ಆಫ್ ಆಗುವ ಸ್ವಿಚ್) ಅದು ಮಾಮೂಲು ಲೋಡ್, ಅದು ಬೀಳುವುದೇ ಇಲ್ಲ. ಮೆಷಿನ್‌ನ ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ.

ಕೊಡಗಿನಲ್ಲಿ 20 ಓಮ್ ಅಪರೂಪವೇನಲ್ಲ. ಗುಡ್ಡದ ಮೇಲಿನ ಮನೆಗಳಲ್ಲಿ ಮೂರು ಅಡಿ ತೋಡುವುದರೊಳಗೆ ಬಂಡೆ ಸಿಗುತ್ತದೆ. ಜಂಬಿಟ್ಟಿಗೆಯ ಮಣ್ಣು ಜುಲೈನಲ್ಲಿ ನೀರು ಕುಡಿದು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ, ಮಾರ್ಚ್‌ನಲ್ಲಿ ಅದೇ ಗುಂಡಿಯ ರೋಧ ಹಲವು ಪಟ್ಟು ಏರುತ್ತದೆ. ಮಳೆಗಾಲದಲ್ಲಿ ಅಳತೆ ಮಾಡಿ ‘ಚೆನ್ನಾಗಿದೆ’ ಎಂದು ಹೋಗುವವರನ್ನು ಬೇಸಿಗೆಯಲ್ಲಿ ಮತ್ತೆ ಕರೆಸಿ. ಭಾಗಮಂಡಲದ ಕಡೆಯ ಗುಂಡಿಗೂ ಕುಶಾಲನಗರದ ಒಣ ಬಯಲಿನ ಗುಂಡಿಗೂ ಒಂದೇ ಲೆಕ್ಕ ಹಿಡಿಯಲಾಗದು.

ಆರ್‌ಸಿಸಿಬಿಯ ಲೆಕ್ಕವೇ ಬೇರೆ. ಹೋದ ಕರೆಂಟ್ ಮತ್ತು ಬಂದ ಕರೆಂಟ್ ಸಮವೇ ಎಂದು ಅದು ಸದಾ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸವಾದರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಅಷ್ಟು ಹರಿಯಲು 20 ಓಮ್ ಏನು, 200 ಓಮ್‌ನ ಕೆಟ್ಟ ಗುಂಡಿಯೂ ಸಾಕು. ಅರ್ಥ್ ವೈರೇ ಇಲ್ಲದಿದ್ದರೆ? ಆಗಲೂ ಅದು ಕಡಿಯುತ್ತದೆ, ಆದರೆ ಮೊದಲು ಯಾರಾದರೂ ಬಾಡಿಯನ್ನು ಮುಟ್ಟಿ ಶಾಕ್ ತಿಂದ ಮೇಲೆ. ಅರ್ಥ್ ವೈರ್ ಇದ್ದರೆ ದೋಷ ಬಂದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಕಡಿಯುತ್ತದೆ. ಹಾಗಾಗಿ ಎರಡೂ ಬೇಕು. ಈ ವರ್ಷ ಒಂದಕ್ಕೇ ಹಣವಿದ್ದರೆ ಮೊದಲು ಆರ್‌ಸಿಸಿಬಿ ಹಾಕಿಸಿ.

ನಾಲ್ಕು ದಾರಿಗಳು

*ಇದ್ದಂತೆ ಬಿಡುವುದು.* ಎರಡು ಬಲ್ಬು, ಒಂದು ಫ್ಯಾನ್ ಇರುವ, ಲೋಹದ ಬಾಡಿಯ ಉಪಕರಣವೇ ಇಲ್ಲದ ಕೋಣೆಗೆ ಇದು ನಡೆಯಬಹುದು, ಅದೂ ಮೆಗ್ಗರ್ ಪರೀಕ್ಷೆಯಲ್ಲಿ ಪಾಸಾದರೆ. ಬೇರೆಲ್ಲೂ ನಾನು ಇದನ್ನು ಒಪ್ಪುವುದಿಲ್ಲ.

*ಹಳೆ ವೈರಿಂಗ್‌ಗೆ ಆರ್‌ಸಿಸಿಬಿ ಮಾತ್ರ.* ಖರ್ಚು ಕಡಿಮೆ. ಉಪಕರಣಕ್ಕೆ ಕಂಪನಿಯ ಮೇಲೆ ಎರಡು ಮೂರು ಸಾವಿರ ರೂಪಾಯಿ, ಅರ್ಧ ದಿನದ ಕೂಲಿ. ತೊಂದರೆ ಏನೆಂದರೆ ಹಳೆಯ ಮನೆಗಳಲ್ಲಿ ಅದು ನಿಲ್ಲುವುದಿಲ್ಲ. ಜೂನ್‌ನಲ್ಲಿ ಗೋಡೆ ಒದ್ದೆಯಾದ ಕೂಡಲೇ ಸಣ್ಣ ಸಣ್ಣ ಸೋರಿಕೆಗಳು ಸೇರಿ ರಾತ್ರಿ ಹನ್ನೊಂದಕ್ಕೆ ಮನೆ ಕತ್ತಲಾಗುತ್ತದೆ. ಬೇರೆ ಬೇರೆ ಆರ್‌ಸಿಸಿಬಿಯ ಎರಡು ಕೋಣೆಗೆ ಒಂದೇ ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ತಂತಿ) ಎಳೆದಿದ್ದರೆ, ಅಥವಾ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿದ್ದರೆ, ಹಾಕಿದ ಗಳಿಗೆಯಿಂದಲೇ ಬೀಳುತ್ತಿರುತ್ತದೆ. ಆಗ ಯಾರೋ ಬಂದು “ಇದು ಸರಿಯಿಲ್ಲ” ಎಂದು ನೇರ ಜೋಡಿಸಿ ಹೋಗುತ್ತಾರೆ. ಡಬ್ಬಿಯಲ್ಲಿ ಆರ್‌ಸಿಸಿಬಿ ಕುಳಿತಿರುತ್ತದೆ, ಕರೆಂಟ್ ಅದರ ಪಕ್ಕದಿಂದ ಹೋಗುತ್ತಿರುತ್ತದೆ. ಇಂಥ ಬೋರ್ಡ್ ತೆರೆದಾಗ ನನಗೆ ಬರುವಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ಬೀಳುತ್ತಿದೆ ಎಂದರೆ ಅದು ದೋಷವನ್ನು ತೋರಿಸುತ್ತಿದೆ. ಮನೆಗೆಲ್ಲ ಒಂದೇ ಹಾಕುವ ಬದಲು ಅಡುಗೆಮನೆ, ಬಚ್ಚಲು, ಹೊರಗಿನ ಲೈಟುಗಳಿಗೆ ಬೇರೆ ಬೇರೆಯಾಗಿ ಹಾಕಿಸಿದರೆ ದೋಷ ಯಾವ ಕಡೆ ಎಂದು ಬೇಗ ತಿಳಿಯುತ್ತದೆ, ಉಳಿದ ಮನೆಗೆ ಬೆಳಕೂ ಇರುತ್ತದೆ. ಕೊಳ್ಳುವಾಗ 30 ಮಿಲಿಆಂಪಿಯರ್ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ. 100ರದ್ದು ‘ಬೀಳುವುದಿಲ್ಲ, ತಲೆನೋವಿಲ್ಲ’ ಎಂದು ಅಂಗಡಿಯವರು ಕೊಟ್ಟಾರು. ಮೈಮೇಲೆ ಹರಿಯುವ ಕರೆಂಟಿನಿಂದ ಕಾಪಾಡಲು ಅದು ಆಗದು.

*ಮುಖ್ಯ ಜಾಗಗಳಿಗೆ ಹೊಸ ತಂತಿ, ಹೊಸ ಅರ್ಥ್, ಜೊತೆಗೆ ಆರ್‌ಸಿಸಿಬಿ.* ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. ಅಡುಗೆಮನೆ, ಗೀಸರ್, ವಾಷಿಂಗ್ ಮೆಷಿನ್, ಫ್ರಿಜ್, ನೀರಿನ ಪಂಪ್: ಈ ಐದಕ್ಕೆ ಮೇನ್ ಬೋರ್ಡ್‌ನಿಂದ ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಹೊಸದಾಗಿ ಎಳೆಯುವುದು. 16 ಆಂಪಿಯರ್ ಸಾಕೆಟ್‌ಗೆ 2.5 ಚದರ ಮಿಲಿಮೀಟರ್, ಗೀಸರ್‌ಗೆ 4, ಅರ್ಥ್ ವೈರ್ ಕೂಡ ಫೇಸ್‌ನಷ್ಟೇ ದಪ್ಪ, ಬಣ್ಣ ಹಸಿರು ಅಥವಾ ಹಸಿರು–ಹಳದಿ. ಲೈಟು, ಫ್ಯಾನುಗಳು ಹಳೆ ತಂತಿಯಲ್ಲೇ ಇನ್ನಷ್ಟು ವರ್ಷ ಇರಲಿ. ಅಪಾಯದ ಬಹುಪಾಲು ಈ ಐದು ಜಾಗದಲ್ಲಿದೆ, ಖರ್ಚು ಪೂರ್ತಿ ವೈರಿಂಗ್‌ನ ಒಂದು ಪಾಲು ಮಾತ್ರ.

*ಪೂರ್ತಿ ಹೊಸ ವೈರಿಂಗ್.* ಖರ್ಚು ಪಾಯಿಂಟ್ ಲೆಕ್ಕದಲ್ಲಿ ಬರುತ್ತದೆ, ಗೋಡೆ ಕೊರೆದರೆ ಗಾರೆ ಮತ್ತು ಬಣ್ಣದ ಖರ್ಚು ಬೇರೆ. ಮೂರು ಸಂದರ್ಭಗಳಲ್ಲಿ ಬೇರೆ ದಾರಿಯಿಲ್ಲ. ರಬ್ಬರ್ ಹೊದಿಕೆಯ ತಂತಿಯಿದ್ದರೆ, ಅಲ್ಯೂಮಿನಿಯಂ ತಂತಿಯಿದ್ದರೆ, ಅಥವಾ ಮನೆಯೊಳಗೆ ನೆರೆ ನೀರು ನಿಂತು ಹೋದ ಮೇಲೆ ಮೆಗ್ಗರ್ ಪರೀಕ್ಷೆಯಲ್ಲಿ ಸೋತಿದ್ದರೆ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯಿಂದ ಮನೆಗೆ

ಹಳೆಯ ಐನ್‌ಮನೆ ಅಥವಾ ಎಸ್ಟೇಟ್ ಬಂಗಲೆಯಲ್ಲಿ ತಂತಿಗಳು ಗೋಡೆಯ ಮೇಲೆ ಮರದ ಪಟ್ಟಿಗೆ ತಗಡಿನ ಕ್ಲಿಪ್ ಹೊಡೆದು ಓಡಿರುತ್ತವೆ. ಒಂದು ಪಟ್ಟಿಯನ್ನು ಸ್ವಲ್ಪ ಎಬ್ಬಿಸಿ ನೋಡಿ. ಹಿಂದೆ ಗೆದ್ದಲಿನ ಮಣ್ಣಿನ ದಾರಿ, ಬೂಷ್ಟು, ಸ್ವಿಚ್ಚಿನ ಕೆಳಗಿನ ಮರದ ಬಿಲ್ಲೆಯೊಳಗೆ ಇರುವೆಗಳ ಗೂಡು. ತಂತಿಯ ತುದಿಯನ್ನು ಎರಡು ಬೆರಳಲ್ಲಿ ಮಡಚಿದರೆ ರಬ್ಬರ್ ಕರಕಲಾಗಿ ಉದುರುತ್ತದೆ, ಒಳಗಿನ ತಾಮ್ರ ಮಾತ್ರ ಇನ್ನೂ ಹೊಳೆಯುತ್ತಿರುತ್ತದೆ. (ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿದ ಮೇಲೆಯೇ ಇದನ್ನು ಮಾಡಬೇಕು, ಅದೂ ಕೆಲಸ ಬಲ್ಲವರು.) ಇಂಥ ತಂತಿಗೆ ಅರ್ಥ್ ಸೇರಿಸುವುದು ವ್ಯರ್ಥ, ಪೂರ್ತಿ ತೆಗೆಯಬೇಕು. ಆದರೆ ಮಣ್ಣಿನ ಗೋಡೆಯನ್ನೂ ಕೆತ್ತನೆಯ ತೊಲೆಯನ್ನೂ ಕೊರೆಯಲು ಬಿಡಬೇಡಿ. ತೊಲೆಯ ಅಂಚಿನಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಓಡಿಸಿ, ಮರದ ಬಣ್ಣ ಹೊಡೆದರೆ ಅರ್ಧ ಕಣ್ಣಿಗೆ ಬೀಳುವುದಿಲ್ಲ. ಒಣಗಿದ ಮರದ ಅಟ್ಟವಿರುವ ಮನೆಯಲ್ಲಿ ಶಾಕ್‌ಗಿಂತ ಬೆಂಕಿಯ ಭಯವೇ ದೊಡ್ಡದು. ಪಿಂಗಾಣಿಯ ಫ್ಯೂಸ್ ಕಟೌಟ್‌ನಲ್ಲಿ ಫ್ಯೂಸ್ ತಂತಿಯ ಬದಲು ಕೈಗೆ ಸಿಕ್ಕಿದ ದಪ್ಪ ತಂತಿ ಸುತ್ತಿರುವುದನ್ನು ಮೊದಲು ತೆಗೆಸಿ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ 1980–90ರ ದಶಕಗಳ ಆರ್‌ಸಿಸಿ ಮನೆಗಳ ಕೆಲಸ ಇದಕ್ಕಿಂತ ಸುಲಭ. ಗೋಡೆಯೊಳಗೆ ಪೈಪ್ ಇರುವುದರಿಂದ ಹಳೆ ತಂತಿಯ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಗೋಡೆ ಒಡೆಯದೆ ಮುಗಿಯುತ್ತದೆ. ಪೈಪ್ ಹಿಸುಕಿದ್ದರೆ ಅಥವಾ ತಂತಿ ಅಂಟಿಕೊಂಡಿದ್ದರೆ ಆ ಒಂದು ಓಟವನ್ನು ಮಾತ್ರ ಹೊರಗಿನಿಂದ ಮಾಡಿಸಿ. ಮೂರನೆಯ ದಾರಿ ಈ ಮನೆಗಳಿಗೆ ಸರಿಯಾಗಿ ಹೊಂದುತ್ತದೆ.

ಆದರೆ ಇಲ್ಲಿ ಒಂದು ಮೋಸವಿದೆ. ಆ ಕಾಲದಲ್ಲಿ ಎಷ್ಟೋ ಕಡೆ ಅರ್ಥ್ ವೈರನ್ನು ಕಬ್ಬಿಣದ ನೀರಿನ ಪೈಪಿಗೆ ಕ್ಲಾಂಪ್ ಹಾಕಿ ಬಿಟ್ಟಿದ್ದರು. ಆಮೇಲೆ ಪೈಪ್ ತುಕ್ಕು ಹಿಡಿಯಿತು, ಪ್ಲಂಬರ್ ಬಂದು ಪಿವಿಸಿ ಹಾಕಿ ಹೋದ, ಅರ್ಥ್ ಅಂದೇ ಸತ್ತಿತು. ಮನೆಯವರಿಗೆ ಗೊತ್ತಿಲ್ಲ, ಸಾಕೆಟ್‌ನಲ್ಲಿ ಮೂರು ತೂತು ಇದೆಯಲ್ಲ! ಇದಕ್ಕಿಂತ ಭಯಂಕರವಾದದ್ದು ಸಾಕೆಟ್‌ನೊಳಗೇ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಲೂಪ್ ಕೊಡುವುದು, ಅಂದರೆ ತುಂಡು ತಂತಿಯಿಂದ ಜೋಡಿಸಿಬಿಡುವುದು. ಟೆಸ್ಟ್ ಲ್ಯಾಂಪ್ ಹಚ್ಚಿದರೆ ಚೆನ್ನಾಗಿ ಉರಿಯುತ್ತದೆ, ‘ಅರ್ಥ್ ಬಂತು’ ಎನ್ನುತ್ತಾರೆ. ನಮ್ಮಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು ನ್ಯೂಟ್ರಲ್ ತುಂಡಾಗುವುದು ಪ್ರತಿ ಮಳೆಗಾಲದ ಸಂಗತಿ. ನ್ಯೂಟ್ರಲ್ ಕಡಿದ ಕ್ಷಣ, ಉರಿಯುತ್ತಿರುವ ಬಲ್ಬಿನ ಮೂಲಕ ಹಿಂತಿರುಗಿದ ಫೇಸ್ ಆ ಲೂಪ್ ಹಿಡಿದು ಫ್ರಿಜ್ ಬಾಗಿಲಿಗೆ ಬಂದು ಕೂರುತ್ತದೆ. ಎರಡು ಸಾಕೆಟ್ ಬಿಚ್ಚಿ ತೋರಿಸಲು ಹೇಳಿ. ಲೂಪ್ ಸಿಕ್ಕಿದರೆ ಉಳಿದೆಲ್ಲವನ್ನೂ ಬಿಚ್ಚಿಸಿ.

ಪಲ್ಪರ್, ಹಲ್ಲರ್ (ಕಾಫಿಯ ಸಿಪ್ಪೆ, ಹೊಟ್ಟು ತೆಗೆಯುವ ಯಂತ್ರಗಳು), ನೀರಾವರಿ ಪಂಪ್ ಇರುವ ತೋಟಗಳಲ್ಲಿ ತ್ರಿಫೇಸ್ ಇರುತ್ತದೆ. ಅಲ್ಲಿ ಆಯ್ಕೆಯ ಮಾತೇ ಇಲ್ಲ. ಗ್ರಾಹಕರು ತಮ್ಮದೇ ಪ್ರತ್ಯೇಕ ಅರ್ಥ್ ಎಲೆಕ್ಟ್ರೋಡ್ ಹಾಕಿಸಬೇಕು, ಮೋಟಾರಿನ ಲೋಹದ ಮೈಗೆ ಎರಡು ಬೇರೆ ಬೇರೆ ಅರ್ಥ್ ಸಂಪರ್ಕ ಇರಬೇಕು. ಪಲ್ಪರ್ ಮನೆಯಲ್ಲಿ ನೆಲ ಸದಾ ಒದ್ದೆ, ಕೆಲಸದವರ ಕಾಲು ಬರಿದು. ಮನೆಯ ಗೀಸರ್‌ಗಿಂತ ಮೊದಲು ಇಲ್ಲಿಗೆ ಖರ್ಚು ಮಾಡಿ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಮೇಲಿನ ಲೈನಿಗೆ ತಾಗುವ ದುರಂತಗಳಿಗೆ ಮಾತ್ರ ಈ ಯಾವ ಅರ್ಥಿಂಗೂ ಮದ್ದಲ್ಲ. ಅಲ್ಲಿ ಬೇಕಾದದ್ದು ಬಿದಿರಿನ ಅಥವಾ ಫೈಬರ್ ಏಣಿ.

ಹೋಂಸ್ಟೇ ಮಾಡುವವರು ಮನೆಯ ಹಿಂದಿನ ಕೋಣೆಗಳಿಗೆ ಒಂದೊಂದು ಗೀಸರ್ ಸೇರಿಸುತ್ತಾ ಹೋಗುತ್ತಾರೆ, ಲೋಡ್ ಹೆಚ್ಚಿಸಿಕೊಳ್ಳುವುದಿಲ್ಲ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಅತಿಥಿಗೆ ನಿಮ್ಮ ಮನೆಯ ಮರ್ಜಿ ಗೊತ್ತಿರುವುದಿಲ್ಲ. ಪ್ರತಿ ಕೋಣೆಗೂ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿ, ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ಗೆ ಹೆಚ್ಚುವರಿ ಲೋಡ್‌ನ ಅರ್ಜಿ ಕೊಡಿ. ಪರೀಕ್ಷೆಯೂ ಅದರೊಂದಿಗೇ ಆಗಿಬಿಡುತ್ತದೆ.

ತೋಟದ ಕೆಲಸಗಾರರ ಲೈನ್ ಮನೆಗಳ ವಿಷಯದಲ್ಲಿ ಮಾಲೀಕರು ಮಾತು ಬದಲಿಸುವುದನ್ನು ಕಂಡಿದ್ದೇನೆ. ಸಾಲಾಗಿ ಆರು ಮನೆ, ಒಂದು ಮೀಟರ್, ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಒಂದೇ ಜೋಡಿ ತಂತಿ. ಈಗ ಪ್ರತಿ ಮನೆಯಲ್ಲೂ ಟಿವಿ, ಮಿಕ್ಸಿ, ಇಂಡಕ್ಷನ್ ಒಲೆ ಇವೆ. ಪ್ರತಿ ಮನೆಗೆ ಒಂದು ಎಂಸಿಬಿ, ಒಂದು ಆರ್‌ಸಿಸಿಬಿ, ಅರ್ಥ್ ಇರುವ ಎರಡು ಸಾಕೆಟ್: ಇಷ್ಟನ್ನು ಬಂಗಲೆಯ ಅಲಂಕಾರದ ದೀಪಕ್ಕಿಂತ ಮುಂಚೆ ಮಾಡಿಸುವುದು ಮಾಲೀಕರ ಹೊಣೆ.

ಗುಂಡಿ ಯಾವುದು, ಇನ್ವರ್ಟರ್ ಏನು

ಪೈಪ್, ಪ್ಲೇಟ್, ಕೆಮಿಕಲ್: ಒಂದು ಮನೆಗೆ ಪೈಪ್ ಸಾಕು. 2.5 ಮೀಟರಿಗೆ ಕಡಿಮೆಯಿಲ್ಲದ ಜಿಐ (ಸತುವಿನ ಲೇಪದ ಕಬ್ಬಿಣದ) ಪೈಪ್, ನೆರಳಿನ ತೇವದ ಜಾಗ, ಬಚ್ಚಲಿನ ನೀರು ಹರಿಯುವ ಕಡೆಯಾದರೆ ಇನ್ನೂ ಒಳ್ಳೆಯದು. ಉಪ್ಪು ಹೆಚ್ಚು ಸುರಿದಷ್ಟೂ ಪೈಪ್ ಬೇಗ ತುಕ್ಕು ತಿನ್ನುತ್ತದೆ, ಮಳೆಯಲ್ಲಿ ಕೊಚ್ಚಿಯೂ ಹೋಗುತ್ತದೆ. ಬಂಡೆಯ ಜಾಗದಲ್ಲಿ ಒಂದನ್ನೇ ಆಳಕ್ಕೆ ಇಳಿಸಲು ಒದ್ದಾಡುವ ಬದಲು ಮಣ್ಣು ಸಿಗುವ ಕಡೆ ಎರಡು ಪೈಪ್ ದೂರ ದೂರ ಹಾಕಿ ಜೋಡಿಸಿ. ಕೆಮಿಕಲ್ ಅರ್ಥಿಂಗ್ ಕೆಟ್ಟದ್ದಲ್ಲ, ಆದರೆ ಆ ಹಣದಲ್ಲಿ ಬರುವ ಆರ್‌ಸಿಸಿಬಿಗಳು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆ ಇನ್ವರ್ಟರ್ ಮರೆತರೆ ಎಲ್ಲವೂ ಅರ್ಧವೇ. ಮೇನ್ ಬೋರ್ಡ್‌ನ ಆರ್‌ಸಿಸಿಬಿ ಇನ್ವರ್ಟರ್‌ಗೆ ಮೊದಲೇ ಇದ್ದರೆ, ಬ್ಯಾಟರಿಯಲ್ಲಿ ಓಡುವ ಹೊತ್ತಿನಲ್ಲಿ ಅದು ಯಾರನ್ನೂ ಕಾಯುವುದಿಲ್ಲ. ಇನ್ವರ್ಟರ್‌ನಿಂದ ಹೊರಟ ಲೈನಿಗೆ ಬೇರೊಂದು ಬೇಕು. ಆರ್‌ಸಿಸಿಬಿಯ ಮೇಲಿನ ‘ಟಿ’ ಬಟನ್ ಒತ್ತಿ ನೋಡಿದರೆ ಉಪಕರಣ ಸರಿಯಿದೆ ಎಂದಷ್ಟೇ ತಿಳಿಯುತ್ತದೆ. ಅರ್ಥ್ ಸರಿಯಿದೆಯೇ ಎಂದು ಬಟನ್ ಹೇಳುವುದಿಲ್ಲ. ಕರೆಂಟಿನಲ್ಲೊಮ್ಮೆ, ಬ್ಯಾಟರಿಯಲ್ಲೊಮ್ಮೆ, ಸಾಕೆಟ್‌ನ ಫೇಸ್ ಮತ್ತು ಅರ್ಥ್ ನಡುವೆ ಟೆಸ್ಟರ್ ಉಪಕರಣ ಹಚ್ಚಿ ಬೀಳುತ್ತದೆಯೇ ಎಂದು ನಿಮ್ಮೆದುರೇ ತೋರಿಸಲು ಹೇಳಿ.

ಕೆಲಸ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಆಗಬೇಕು, ಇದು ನಿಯಮ. ಕೊಟೇಷನ್ ಕೇಳುವಾಗ ಮೂರನೆಯ ಮತ್ತು ನಾಲ್ಕನೆಯ ದಾರಿಗಳ ಲೆಕ್ಕವನ್ನು ಬೇರೆ ಬೇರೆ ಬರೆಸಿಕೊಳ್ಳಿ. ಮೆಗ್ಗರ್ ಹಚ್ಚದೆ, ಬೋರ್ಡ್ ತೆರೆಯದೆ, ಬಾಗಿಲಲ್ಲೇ ನಿಂತು “ಎಲ್ಲ ತೆಗೆಯಬೇಕು” ಎನ್ನುವವರನ್ನೂ “ಏನೂ ಆಗುವುದಿಲ್ಲ ಬಿಡಿ” ಎನ್ನುವವರನ್ನೂ ಕಾಫಿ ಕೊಟ್ಟು ಕಳಿಸಿ. ಕೆಲಸ ಮುಗಿದ ಮೇಲೆ ಪ್ರತಿ ಸರ್ಕ್ಯೂಟ್‌ನ ಇನ್ಸುಲೇಷನ್ ಎಷ್ಟು, ಅರ್ಥ್ ರೋಧ ಎಷ್ಟು ಓಮ್, ಯಾವ ತಿಂಗಳಲ್ಲಿ ಅಳೆದದ್ದು, ಇಷ್ಟನ್ನು ಸಹಿ ಸಮೇತ ಬರೆಸಿ ಮೀಟರ್ ಬೋರ್ಡ್‌ನ ಬಾಗಿಲ ಒಳಗೆ ಅಂಟಿಸಿ. ಮುಂದಿನ ಬಾರಿ ಬರುವ ಎಲೆಕ್ಟ್ರೀಷಿಯನ್ ಅಲ್ಲಿಂದಲೇ ಶುರು ಮಾಡಲಿ.